ಕಾಯಿನೀರು

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ಬೈಲಹೊಂಗಲದಿಂದ ಯರಗಟ್ಟಿಗೆ ಹೊರಟ ಬಸ್ಸಿನಲ್ಲಿ ಲಕ್ಕಪ್ಪ ತೊಡೆಯ ಮೇಲಿನ ಚೀಲವನ್ನು ಮೂರನೆಯ ಸಲ ಬಿಚ್ಚಿ ನೋಡಿದ. ಬಾಳೆಎಲೆಯಲ್ಲಿ ಸುತ್ತಿದ ಬಿಳಿ ಕಣಗಿಲ ಹೂಗಳಿದ್ದವು, ಒಗೆದ ಧೋತರವಿತ್ತು. ಕಾಯಿ ಇರಲಿಲ್ಲ. ಕಾಯಿಯನ್ನು ದೇವಿಯನ್ನು ಕೇಳಲು ಬರುವವರೇ ತರಬೇಕು, ಇವತ್ತು ತರುವವಳು ಅವನ ತಂಗಿ ಭಾಗೀರಥಿ. ಅದು ಗೊತ್ತಿದ್ದೂ ಅವನ ಕೈ ಚೀಲದಲ್ಲಿ ಕಾಯಿಯನ್ನೇ ಹುಡುಕುತ್ತಿತ್ತು. ಹುಡುಕುತ್ತಿರುವುದು ತಿಳಿದಾಗ ಚೀಲದ ಬಾಯಿ ಬಿಗಿದು, ಪಕ್ಕದವನು ನೋಡಿದನೇನೋ ಎಂದು ಕಿಟಕಿಯ ಕಡೆ ಮುಖ ಮಾಡಿದ. ಪಕ್ಕದವನು ಮೊಬೈಲಿನಲ್ಲಿದ್ದ. ಹೊರಗೆ ಕಡಲೆ ಬಿತ್ತಿದ ಹೊಲಗಳಲ್ಲಿ ಎರಡೆಲೆ ಮೂಡಿತ್ತು. ಕಾರ್ತಿಕದ ಕೊನೆಯ ವಾರ, ಗಾಳಿಗೆ ತುಟಿ ಬಿರಿಯುತ್ತಿತ್ತು. ಇಂಥ ಒಣಗಾಳಿಗೆ ದೇವಿಗೆ ಹಚ್ಚಿದ ಎಸಳು ಬೇಗ ಬೀಳುತ್ತದೆ. ಆಷಾಢದ ಜಡಿಮಳೆಯಲ್ಲಿ ಒಂದೂವರೆ ತಾಸು ಹಿಡಿದದ್ದಿತ್ತು. ಹೋದ ಮಂಗಳವಾರ ಹದಿನೆಂಟು ನಿಮಿಷ. ಇವತ್ತು ಇಪ್ಪತ್ತರೊಳಗೆ ಆಗಬಹುದು ಎಂದು ಅವನು ಲೆಕ್ಕ ಹಾಕಿದ. ಆದರೆ ಯಾವುದು ಮೊದಲು ಬೀಳುತ್ತದೆ ಎಂಬುದಕ್ಕೆ ಲೆಕ್ಕವಿರಲಿಲ್ಲ.

ಹುಟ್ಟೂರ ಹೊರಗಿನ ಕರೆವ್ವನ ಗುಡಿಯಲ್ಲಿ ಹೂ ಹಚ್ಚಿ ಕೇಳುವುದು ಅವನ ಅಜ್ಜನಿಗಿಂತ ಹಿಂದಿನಿಂದ ನಡೆದು ಬಂದದ್ದು. ಮದುವೆ, ಬೋರು, ಎತ್ತಿನ ವ್ಯಾಪಾರ, ಮಕ್ಕಳ ಓದು, ಏನೇ ಇದ್ದರೂ ಪೂಜಾರಿ ಒಂದೇ ಹೂವಿನ ಎರಡು ಎಸಳು ಕಿತ್ತು ನೀರಲ್ಲಿ ಅದ್ದಿ ದೇವಿಯ ಎರಡು ಭುಜಕ್ಕೆ ಅಂಟಿಸಿ ಪರದೆ ಎಳೆಯುತ್ತಾನೆ. ಬಲಭುಜದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಒಳಗೆ ಪೂಜಾರಿ ಒಬ್ಬನೇ. ಅವನು ಹೊರಗೆ ಬಂದು ಹೇಳಿದ್ದೇ ದೇವಿಯ ಮಾತು. ಪೂಜೆಯ ಪಾಳಿ ಮೂರು ಮನೆಗಳಿಗೆ ವರ್ಷಕ್ಕೊಂದರಂತೆ ಸುತ್ತುತ್ತಿತ್ತು. ಲಕ್ಕಪ್ಪನ ಮನೆಯ ಪಾಳಿಯನ್ನು ಇಷ್ಟು ದಿನ ಅಣ್ಣ ಭೀಮಶಿಯೇ ಮಾಡುತ್ತಿದ್ದ. ಅಣ್ಣ ಮಾಘದಲ್ಲಿ ತೀರಿಕೊಂಡ, ಯುಗಾದಿಯಿಂದ ಪಾಳಿ ಲಕ್ಕಪ್ಪನ ಕೈಗೆ ಬಂತು. ಬೈಲಹೊಂಗಲದಲ್ಲಿ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವುದು ಅವನ ಕೆಲಸ. ಮಂಗಳವಾರವಷ್ಟೇ ಗುಡಿಯ ಬಾಗಿಲು ತೆಗೆಯುವುದರಿಂದ ಎರಡೂ ನಡೆಯುತ್ತಿದ್ದವು.

ನಿನ್ನೆ ಬಜಾರದ ಹಿಂದಿನ ಓಣಿಯಲ್ಲಿ ಸ್ಟೂಲಿನ ಮೇಲೆ ನಿಂತು ಮೀಟರಿನ ಗಾಜಿಗೆ ಕಣ್ಣು ಹಚ್ಚಿದ್ದಾಗ ಕೆಳಗಿನಿಂದ ದನಿ ಬಂದಿತ್ತು.

‘ಮಾಮಾ, ಕೆಳಗ ಇಳೀರಿ. ಮ್ಯಾಲ ನಿಂತವರ ಕೂಡ ಮಾತಾಡಾಕ ಬರೂದಿಲ್ಲ ನನಗ.’

ಭಾಗೀರಥಿಯ ಮಗಳು ಶೈಲಶ್ರೀ. ಸವದತ್ತಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ, ಇಪ್ಪತ್ನಾಲ್ಕು ವರ್ಷ. ರಜೆ ಹಾಕಿ ಇಷ್ಟು ದೂರ ಬಂದಿದ್ದಳು.

‘ತಡಿ, ಓದಿ ಮುಗಸ್ತೇನಿ. ಅರ್ಧಕ್ಕ ಬಿಟ್ರ ನಂಬರ ಮರತ ಹೋಗತೈತಿ,’ ಎಂದು ಅವನು ಐದು ಅಂಕಿಗಳನ್ನು ಬೇಕೆಂದೇ ನಿಧಾನವಾಗಿ ಒತ್ತಿದ.

‘ನಾಳೆ ಅವ್ವ ಬರತಾಳ.’

‘ಫೋನ್ ಮಾಡಿದ್ಲು.’

‘ಬಲ ಬರಬೇಕು.’

‘ಬೇಕಂದ ಕೂಡಲೆ ಬರಾಕ ಅದೇನ ಬಸ್ಸೇನು?’

‘ಬಸ್ಸ ಎಲ್ಲಿ ಬರತೈತ್ರಿ ಬೇಕಂದ್ರ? ಇದು ಬರತೈತಿ.’ ಅವಳು ನಗುತ್ತಿರಲಿಲ್ಲ. ‘ದೊಡ್ಡ ಮಾಮಾ ಎಡಕ್ಕ ಕಾಯಿನೀರ ಹಚ್ಚತಿದ್ರು, ಬಲಕ್ಕ ಬಾವಿನೀರ. ಕಾಯಿನೀರ ಅಂಟ ಹಿಡೀತೈತಿ, ಎಸಳ ಬಿಡೂದಿಲ್ಲ. ನಾ ಸಣ್ಣಾಕಿ ಇದ್ದಾಗ ಪಡದೆ ಸಂದ್ಯಾಗ ನೋಡೇನಿ. ಆವಾಗ ತಿಳೀಲಿಲ್ಲ. ಈಗ ದಿನಾ ಗಾಜಿನ ಮ್ಯಾಲ ಹನಿ ಹಾಕತೇನಿ, ತಿಳೀತು.’

ಸ್ಟೂಲಿನ ಕಾಲು ಅಲುಗಾಡಿತು. ಅವನು ಗೋಡೆ ಹಿಡಿದು ಇಳಿದ. ಅವಳು ಕೈ ಚಾಚಿದ್ದನ್ನು ಕಂಡೂ ಹಿಡಿಯಲಿಲ್ಲ.

‘ಲ್ಯಾಬಿನ್ಯಾಗ ರೋಗ ಐತಿ ಅಂತ ಬಂದ್ರ ಇಲ್ಲಂತ ಬರದ ಕೊಡತೀ ಏನವಾ ನೀ?’

‘ಅದು ರಕ್ತ, ಮಾಮಾ. ಇದು ಕಲ್ಲು.’

ಅವಳು ಮೆಚ್ಚಿದ ಹುಡುಗ ರಾಮದುರ್ಗದ ಸಾಗರ, ಪಂಪಿನ ಮೋಟರ್ ರಿವೈಂಡಿಂಗ್ ಮಾಡುವವನು. ತಂಗಿಯ ಮಾತಿಗೆ ಲಕ್ಕಪ್ಪನೇ ದಸರೆಗೆ ಮೊದಲು ಹೋಗಿ ನೋಡಿ ಬಂದಿದ್ದ. ಅಂಗಡಿ ಒಪ್ಪವಾಗಿತ್ತು, ಹುಡುಗನ ಬೆರಳುಗಳಲ್ಲಿ ವಾರ್ನಿಶ್ ಮೆತ್ತಿತ್ತು, ಚಹಾ ತರಿಸಿ ತಾನು ಕುಡಿಯದೆ ಕೆಲಸ ಮುಗಿಸಿದ್ದ. ಹೆಸರಿಡಲು ಏನೂ ಸಿಕ್ಕಿರಲಿಲ್ಲ. ಭಾಗೀರಥಿಯ ಗಂಡ ಮಾಂತೇಶನೂ ಒಪ್ಪಿದ್ದ. ಭಾಗೀರಥಿ ಮಾತ್ರ ಒಂದೇ ಪಟ್ಟು ಹಿಡಿದಿದ್ದಳು: ತನ್ನ ಮದುವೆಗೆ ಕರೆವ್ವ ಬಲ ಕೊಟ್ಟಿದ್ದಳು, ಮಗಳಿಗೂ ಕೊಡಲಿ. ಎಡ ಬಂದರೆ ಈ ಮಾತು ಅಲ್ಲಿಗೆ ಮುಗಿಯಿತು.

‘ಸಾಗರ ಕೆಟ್ಟಾಂವ ಅಂತ ಯಾರರ ಅಂದಾರೇನ್ರಿ?’

‘ಇಲ್ಲ.’

‘ಮತ್ತ?’

ಅವನು ಓಣಿ ದಾಟಿದ. ಮುಂದಿನ ಮನೆಯ ಗೇಟು ತೆಗೆಯುತ್ತ, ‘ಬಿದ್ದದ್ದನ್ನ ಹೇಳತೇನವಾ ನಾ, ಅಷ್ಟ,’ ಎಂದ. ಗೇಟಿನ ಒಳಗಿಂದ ತಿರುಗಿ ನೋಡಿದಾಗ ಅವಳು ಇನ್ನೂ ಅಲ್ಲೇ ನಿಂತು ಅವನು ಮರೆತಿದ್ದ ಸ್ಟೂಲನ್ನು ಎತ್ತಿ ಗೋಡೆಗೆ ಒರಗಿಸುತ್ತಿದ್ದಳು. ಆ ಸ್ಟೂಲು ರಾತ್ರಿ ಊಟದ ಹೊತ್ತಿಗೂ ಅವನ ಕಣ್ಣ ಮುಂದಿತ್ತು. ಹೆಂಡತಿ ರಾಯವ್ವ ಕೇಳಿದ್ದಕ್ಕೆ ಹಸಿವಿಲ್ಲ ಎಂದಿದ್ದ. ರಾಯವ್ವ ರೊಟ್ಟಿಯ ಬುಟ್ಟಿ ಮುಚ್ಚುತ್ತ, ‘ಮಂದಿಗೆ ಹೌದನ್ನಾಕ ನಿಮ್ಮ ಗಂಟೇನ ಹೋಗತೈತ್ರಿ? ಇರೂದ ಒಬ್ಬಾಕಿ ತಂಗಿ,’ ಎಂದು ಒಳಗೆ ಹೋಗಿದ್ದಳು.

ಬಸ್ಸಿಳಿದು ಗುಡಿಗೆ ಎರಡು ಕಿಲೋಮೀಟರ್ ನಡೆಯಬೇಕು. ಹೊಲದ ಬದುವಿನ ಆ ದಾರಿಯಲ್ಲಿ ಅವನಿಗೆ ಪ್ರತಿ ಮಂಗಳವಾರ ನಾಲಿಗೆಯ ಬುಡದಲ್ಲಿ ಕಹಿ ಏಳುತ್ತಿತ್ತು. ಇಪ್ಪತ್ತಾರು ವರ್ಷದ ಹಿಂದಿನ ಕಹಿ. ಅಂದು ಭೀಮಶಿಗೆ ಚಳಿಜ್ವರ. ಭಾಗೀರಥಿಯ ಮದುವೆಯ ಮಾತಿಗೆ ಉಗರಗೋಳದಿಂದ ಬೀಗರಾಗಬೇಕಾದವರು ಟ್ರ್ಯಾಕ್ಟರಿನಲ್ಲಿ ಮೂವತ್ತು ಜನ ಬಂದು ಇಳಿದಿದ್ದರು, ಮನೆಯಲ್ಲಿ ಹೋಳಿಗೆಯ ಕಣಕ ನಾದಿ ಇಟ್ಟಿತ್ತು. ಲಕ್ಕಪ್ಪನಿಗೆ ಇಪ್ಪತ್ತೆಂಟು. ಮೊದಲ ಸಲ ಒಬ್ಬನೇ ಗರ್ಭಗುಡಿಯೊಳಗೆ ಹೋದ. ಕಾಯಿನೀರಿನ ವಿಷಯ ಆಗ ಅವನಿಗೆ ಯಾರೂ ಹೇಳಿರಲಿಲ್ಲ. ಎರಡೂ ಕಡೆ ಬಾವಿನೀರನ್ನೇ ಹಚ್ಚಿದ. ಸರಿಯಾಗಿ ಏಳು ನಿಮಿಷಕ್ಕೆ ಎಡದ ಎಸಳು ಬಿತ್ತು. ಸದ್ದೇ ಆಗಲಿಲ್ಲ. ಪರದೆಯ ಸಂದಿಯಿಂದ ನೋಡಿದ: ಮಾಂತೇಶನ ಅಪ್ಪ ಗಡಿಯಾರ ನೋಡಿಕೊಳ್ಳುತ್ತಿದ್ದ, ಇಪ್ಪತ್ತು ವರ್ಷದ ಭಾಗೀರಥಿ ಕಂಬಕ್ಕೆ ಒರಗಿ ನೊಣ ಓಡಿಸುತ್ತಿದ್ದಳು. ಅವಳಿಗೆ ಅವಸರವೇನೂ ಇದ್ದಂತಿರಲಿಲ್ಲ. ಬಲದ ಎಸಳನ್ನು ಅವನು ಉಗುರಿನಿಂದ ಎಬ್ಬಿಸಿ ತೆಗೆದ. ಬಿದ್ದಿದ್ದ ಎಡದ ಎಸಳನ್ನು ಎಲ್ಲಿಡಬೇಕು ತಿಳಿಯದೆ ಬಾಯಿಗೆ ಹಾಕಿಕೊಂಡು ನುಂಗಿದ. ಹೊರಗೆ ಬಂದು, ‘ಬಲ,’ ಎಂದ. ಹೆಂಗಸರು ಒಮ್ಮೆಲೇ ಮಾತಾಡತೊಡಗಿದರು. ಆ ರಾತ್ರಿ ಅವನಿಗೆ ಹೊಟ್ಟೆ ಮುರಿಯಿತು. ಮುರಿದದ್ದಕ್ಕೆ ಒಳಗೊಳಗೇ ಸಮಾಧಾನವಾಯಿತು: ಶಿಕ್ಷೆ ಬಂತು, ತನಗೆ ಬಂತು, ಅವಳಿಗೆ ಬರಲಿಕ್ಕಿಲ್ಲ. ಎರಡು ದಿನಕ್ಕೆ ಹೊಟ್ಟೆ ನೆಟ್ಟಗಾಯಿತು. ಆಮೇಲೆ ಏನೂ ಆಗಲಿಲ್ಲ.

ಏನೂ ಆಗದಿದ್ದದ್ದೇ ಅವನನ್ನು ಕಾಡಿತು. ಭಾಗೀರಥಿಯ ಬಾಳು ಚೆನ್ನಾಗಿತ್ತು. ಉಗರಗೋಳದ ಜಾತ್ರೆಯ ಗುಡ್ಡದ ಬುಡದಲ್ಲಿ ಗಂಡನ ಕಾಯಿ-ಕರ್ಪೂರದ ಅಂಗಡಿ ನಡೆಯಿತು, ನೂರೆಂಬತ್ತು ಅಡಿಗೆ ಬೋರಿನಲ್ಲಿ ನೀರು ಬಿತ್ತು, ಎರಡು ಮಕ್ಕಳು ಕಾಯಿಲೆ ಕಸಾಲೆ ಇಲ್ಲದೆ ಬೆಳೆದವು. ಉಗರಗೋಳದಿಂದ ಫೋನು ಬಂದಾಗಲೆಲ್ಲ ಅವನು ಕೆಟ್ಟ ಸುದ್ದಿಯೇ ಬಂತೆಂದುಕೊಳ್ಳುತ್ತಿದ್ದ, ಪ್ರತಿ ಸಲವೂ ಸುದ್ದಿ ಒಳ್ಳೆಯದೇ. ಒಳ್ಳೆಯದಾದಷ್ಟೂ ಅವನು ಸಣ್ಣವನಾಗುತ್ತಿದ್ದ. ಪ್ರತಿ ವರ್ಷ ಭಾಗೀರಥಿ ಒಂದು ಇಳಕಲ್ ಸೀರೆ ತಂದು, ‘ನೀ ಬಲ ಕೊಟ್ಟಿ, ನಾ ಬದುಕಿದೆ,’ ಎಂದು ಕಲ್ಲಿಗೆ ಉಡಿಸುತ್ತಿದ್ದಳು. ಆಗ ಅವನು ಎಣ್ಣೆ ತರುವ ನೆಪ ಮಾಡಿ ಹೊರಗೆ ಹೋಗುತ್ತಿದ್ದ. ಅವಳ ಮದುವೆ ಕೆಟ್ಟಿದ್ದರೆ ತಾನು ಪಾಪಿ ಎಂದಾದರೂ ಗೊತ್ತಾಗುತ್ತಿತ್ತು. ಹೀಗೆ ಯೋಚಿಸಿದ್ದಕ್ಕೆ ನಾಚಿ ಅವನು ದಾರಿಯ ಮೇಲೆ ಒಮ್ಮೆ ನಿಂತುಬಿಟ್ಟಿದ್ದೂ ಇತ್ತು.

ಸಾಯುವ ಮೊದಲು ಭೀಮಶಿ ಉಬ್ಬಸದ ನಡುವೆ ಕಾಯಿನೀರಿನ ಗುಟ್ಟು ಹೇಳಿದ. ‘ನಾ ಯಾರಿಗೂ ಮೋಸ ಮಾಡಿಲ್ಲ. ಎರಡೂ ಮನೀದು ಪೂರಾ ವಿಚಾರ ಮಾಡಿ, ಚಲೋ ಐತಿ ಅಂದ್ರ ಬಲ ಕೊಟ್ಟೇನಿ, ಇಲ್ಲಾಂದ್ರ ನೀರ ಅದಲ ಬದಲ. ಕರೆವ್ವಗ ಬ್ಯಾಸರ ಇಲ್ಲ. ಮಂದಿ ನಕ್ಕೋತ ಹೋಗಬೇಕು, ತಮ್ಮಾ.’ ಅದು ನಿಜವೂ ಹೌದು. ಭೀಮಶಿ ಬಲ ಕೊಟ್ಟ ಮದುವೆಗಳಲ್ಲಿ ಮುರಿದವು ಲಕ್ಕಪ್ಪನಿಗೆ ತಿಳಿದಂತೆ ಮೂರೇ. ಆದರೆ ಯುಗಾದಿಯ ಬೆಳಿಗ್ಗೆ ಕಲ್ಲಿಗೆ ನೀರು ಹಾಕಿ ತಿಕ್ಕುತ್ತಿದ್ದಾಗ ಅವನಿಗೆ ಒಂದು ಸಂಗತಿ ಹೊಳೆಯಿತು. ಇವಳು ಏನಾದರೂ ಹೇಳುತ್ತಾಳೆ ಎಂದಾದರೆ ತಮ್ಮ ಮನೆಯ ಪಾಳಿಯಲ್ಲಿ ಅದನ್ನು ಯಾರೂ ಕೇಳಿಯೇ ಇಲ್ಲ. ಕೇಳಿದ್ದು ತಾನೊಬ್ಬನೇ, ಒಂದು ಸಲ, ಕೇಳಿ ನುಂಗಿಬಿಟ್ಟ. ಭಕ್ತಿಯೇನೂ ಉಕ್ಕಲಿಲ್ಲ, ಕಣ್ಣಲ್ಲಿ ನೀರು ಬರಲಿಲ್ಲ. ತಂಬಾಕು ಬಿಡುವವನಂತೆ ತೀರ್ಮಾನ ಮಾಡಿದ: ಇನ್ನು ಎರಡೂ ಕಡೆ ಬಾವಿನೀರು, ಮೂರು ಮೂರು ಹನಿ, ಬಿದ್ದದ್ದೇ ಮಾತು. ದೇವಿ ಮಾತಾಡುತ್ತಾಳೆಂದು ಅವನಿಗೆ ಆಗಲೂ ಖಾತ್ರಿ ಇರಲಿಲ್ಲ. ಖಾತ್ರಿ ಆಗುವವರೆಗೆ ಕಾಯುತ್ತ ಕೂತರೆ ಪಾಳಿಯ ವರ್ಷ ಮುಗಿದು ಹೋಗುತ್ತದೆ ಎಂಬುದಷ್ಟೇ ಗೊತ್ತಿತ್ತು. ಅದೇ ವಾರದಿಂದ, ಬೀಗ ಹಾಕಿದ ಮನೆಗಳ ಮೀಟರಿಗೆ ಹಿಂದಿನ ತಿಂಗಳ ಅಂದಾಜು ಒತ್ತುವುದನ್ನೂ ಬಿಟ್ಟು ಎರಡೆರಡು ಸಲ ಹೋಗತೊಡಗಿದ. ಆವತ್ತಿನಿಂದ ಹೋದ ಮಂಗಳವಾರದ ತನಕ ಹೂ ಹಚ್ಚಿದ್ದು ಐವತ್ತೊಂದು ಸಲ. ಇಪ್ಪತ್ತೇಳು ಎಡ, ಇಪ್ಪತ್ತೆರಡು ಬಲ, ಎರಡು ಸಲ ಸಂಜೆಯ ತನಕ ಬೀಳಲೇ ಇಲ್ಲ.

ಗುಡಿಯ ಅಂಗಳದಲ್ಲಿ ಕೆಂಚವ್ವ ಕಸ ಹೊಡೆಯುತ್ತಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಮೂರೂ ಮನೆಯ ಪಾಳಿ ಕಂಡವಳು.

‘ಬಂದ್ಯಾ? ನಿನ್ನ ಪಾಳಿ ಬಂದಾಗಿಂದ ಅವ್ವ ಎಡಚಿ ಆಗ್ಯಾಳ ನೋಡು,’ ಎಂದಳು. ಇದನ್ನು ಅವಳು ಪ್ರತಿ ವಾರ ಹೇಳುತ್ತಿದ್ದಳು.

‘ಬಲಾನೂ ಕೊಟ್ಟಾಳಬೇ.’

‘ಯಾರಿಗೆ? ಆ ಕುಡುಕ ಎತ್ತ ಮಾರತೇನಂದ್ರ ಬಲ, ಬಡವರ ಹುಡುಗಿ ಮದವಿಗೆ ಎಡ. ಭೀಮಶಿ ಇದ್ದಾಗ ಹಿಂಗ ಇರಲಿಲ್ಲಪಾ. ಮಂದಿ ಏನಂತಾರ ಗೊತ್ತೇನು? ಲಕ್ಕಪ್ಪ ಸುಳ್ಳ ಹೇಳತಾನ ಅಂತಾರ.’

ಅವನು ಬಾವಿಯ ಕಡೆ ನಡೆದ. ಇಪ್ಪತ್ತಾರು ವರ್ಷ ಯಾರೂ ಆಡದ ಮಾತನ್ನು, ಅವನು ಸುಳ್ಳು ಬಿಟ್ಟ ವರ್ಷ ಊರೆಲ್ಲ ಆಡುತ್ತಿತ್ತು. ಜನ ಕಡಿಮೆಯಾಗಿದ್ದರು. ಮುಂದಿನ ಯುಗಾದಿಗೆ ಪಾಳಿ ಬದಲಾಗುತ್ತದೆ, ಆವಾಗಲೇ ಕೇಳಿದರಾಯಿತು ಎಂದು ಮದುವೆಗಳನ್ನು ಮುಂದೆ ಹಾಕಿದವರಿದ್ದರು. ಕೊಡ ಇಳಿಸುವಾಗ ಹಗ್ಗ ಅಂಗೈಯಲ್ಲಿ ಸುಡುವಂತೆ ಜಾರಿತು.

ಹತ್ತು ಗಂಟೆಯ ಹೊತ್ತಿಗೆ ಉಗರಗೋಳದಿಂದ ಟಂಟಂ ಆಟೊ ಬಂತು. ಮೊದಲು ಇಳಿದವನು ಮಾಂತೇಶ, ಕೈಯಲ್ಲಿ ಜುಟ್ಟು ಬಿಟ್ಟ ದೊಡ್ಡ ಕಾಯಿ. ‘ನಮ್ಮ ಅಂಗಡ್ಯಾಗಿಂದ ಆರಿಸಿ ತಂದೇನ್ರಿ ಭಾವಾರ. ಇಂಥಾ ಕಾಯಿಗೆ ಎಡ ಕೊಟ್ರ ಅಕೀಗೇ ಶೋಭಾ ಅಲ್ಲ,’ ಎಂದು ನಕ್ಕ. ಭಾಗೀರಥಿ ಬಂದವಳೇ ಅಣ್ಣನ ಕಾಲು ಮುಟ್ಟಲು ಬಾಗಿದಳು. ಅವನು ಹಿಂದೆ ಸರಿದ, ಅವಳ ಬೆರಳು ನೆಲ ಮುಟ್ಟಿತು. ಶೈಲಶ್ರೀ ದೂರ ನಿಂತು ನೋಡುತ್ತಿದ್ದಳು. ಕಣ್ಣು ಕೂಡಿದಾಗ ಅವಳು ತಲೆ ತಗ್ಗಿಸಲಿಲ್ಲ.

‘ಸೊರಗಿದಿ ಅಣ್ಣಾ. ವೈನಿ ಊಟಕ್ಕ ಹಾಕತಾಳಿಲ್ಲೋ?’

‘ಮಂದಿ ಮನಿ ಮೆಟ್ಟಲ ಹತ್ತಿ ಇಳೀತಾನ ದಿನಾ. ಎಲ್ಲಿ ಮೈ ಹಿಡೀತೈತಿ?’ ಎಂದು ಕೆಂಚವ್ವ ಕಟ್ಟೆಯಿಂದಲೇ ಉತ್ತರಿಸಿದಳು.

ಲಕ್ಕಪ್ಪ ಕಾಯಿ ಒಡೆದು ನೀರನ್ನು ಹಿತ್ತಾಳೆಯ ಬಟ್ಟಲಿಗೆ ಹಿಡಿದ. ಬಟ್ಟಲು ತುಂಬಿ ಬೆರಳ ಮೇಲೆ ಚೆಲ್ಲಿತು. ಎರಡು ಹೋಳು, ನೀರಿನ ಬಟ್ಟಲು, ಹೂವು ಎಲ್ಲ ಒಳಗೆ ಒಯ್ದು ಪರದೆ ಎಳೆದ. ಗರ್ಭಗುಡಿ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಎಣ್ಣೆ ಕುಡಿದು ಕರ್ರಗಾದ ಕಲ್ಲು, ಬೆಳ್ಳಿಯ ಎರಡು ಕಣ್ಣು, ಹೋದ ವರ್ಷ ಭಾಗೀರಥಿ ಉಡಿಸಿದ ಹಸಿರು ಸೀರೆ. ಹೂವುಗಳಲ್ಲಿ ಒಂದನ್ನು ಆರಿಸಿ, ಅದರಲ್ಲಿ ಒಂದೇ ಅಳತೆಯ ಎರಡು ಎಸಳು ಕಿತ್ತು ಅಂಗೈ ಮೇಲಿಟ್ಟುಕೊಂಡ. ಎಡಕ್ಕೆ ಕಾಯಿನೀರಿನ ಬಟ್ಟಲಿತ್ತು, ಬಲಕ್ಕೆ ಬಾವಿನೀರಿನ ತಂಬಿಗೆ. ಹಾಗೆ ಇಡಬೇಕೆಂದು ಅವನು ಇಟ್ಟಿರಲಿಲ್ಲ, ಕೈ ಇಟ್ಟಿತ್ತು. ಕಾಯಿನೀರು ಚೆಲ್ಲಿದ ಬೆರಳುಗಳು ಒಂದಕ್ಕೊಂದು ಅಂಟುತ್ತಿದ್ದವು. ಏನೂ ಮಾಡಬೇಕಿರಲಿಲ್ಲ, ಇದೇ ಬೆರಳಲ್ಲಿ ಎಡದ ಎಸಳು ಹಿಡಿದರೆ ಸಾಕು. ಸಾಗರ ಒಳ್ಳೆಯ ಹುಡುಗ. ಭೀಮಶಿ ಇದ್ದಿದ್ದರೆ ಎರಡೂ ಮನೆ ವಿಚಾರಿಸಿ ಬಲವನ್ನೇ ಕೊಡುತ್ತಿದ್ದ. ಶೈಲಶ್ರೀ ಸ್ಟೂಲು ಎತ್ತಿ ಗೋಡೆಗೆ ಒರಗಿಸಿದ್ದಳು. ಅವನು ಎಸಳುಗಳನ್ನು ಬಾಳೆಎಲೆಯ ಮೇಲಿಟ್ಟು, ತಂಬಿಗೆ ಬಗ್ಗಿಸಿ ಕೈ ತೊಳೆದ. ಸಾಲದೆನಿಸಿ ವಿಭೂತಿಯಿಂದ ತಿಕ್ಕಿ ಮತ್ತೆ ತೊಳೆದ, ಧೋತರದ ಚುಂಗಿಗೆ ಒರೆಸಿದ. ಆಮೇಲೆ ಎರಡೂ ಎಸಳಿಗೆ ಮೂರು ಮೂರು ಹನಿ ಬಾವಿನೀರು ಬಿಟ್ಟು ಭುಜಗಳಿಗೆ ಒತ್ತಿದ. ಒತ್ತುವಾಗ ಎರಡು ಕೈಯಲ್ಲೂ ಒಂದೇ ಬಲವಿದೆಯೋ ಇಲ್ಲವೋ ಎಂಬ ಅನುಮಾನ ಬಂತು. ತೆಗೆದು ಮತ್ತೆ ಹಚ್ಚಿದರೆ ಅದೇ ಬೇರೆ ಮೋಸವಾಗುತ್ತದೆ ಎಂದು ಬಿಟ್ಟ. ಗಡಿಯಾರ ನೋಡಿದ, ಹತ್ತು ಗಂಟೆ ಇಪ್ಪತ್ತೆರಡು ನಿಮಿಷ.

ಹೊರಗೆ ಮಾಂತೇಶ ಕೆಂಚವ್ವನ ಜೊತೆ ಹುಣ್ಣಿವೆಗೆ ಗುಡ್ಡಕ್ಕೆ ಬರುವ ಜನದ ಬಗ್ಗೆ ಮಾತಾಡುತ್ತಿದ್ದ. ಒಳಗೆ ದೀಪದ ಕುಡಿ ಅಲುಗದೆ ನಿಂತಿತ್ತು. ಮೊದಲು ಎಸಳುಗಳ ಅಂಚು ಹೊಳೆಯುತ್ತದೆ, ಆಮೇಲೆ ಹೊಳಪು ಹೋಗುತ್ತದೆ, ಆಮೇಲೆ ತುದಿ ಏಳುತ್ತದೆ. ಹತ್ತನೆಯ ನಿಮಿಷಕ್ಕೆ ಬಲದ ಎಸಳಿನ ತುದಿ ಎದ್ದಿತು. ಅವನ ಎದೆ ಹಗುರವಾಯಿತು. ಹಗುರವಾದದ್ದು ಗೊತ್ತಾಗಿ ಕಣ್ಣು ಬೇರೆ ಕಡೆ ಹೊರಳಿಸಿದ. ಆಸೆಯಿಂದ ನೋಡುವುದೂ ಒಂದು ಬಗೆಯ ಒತ್ತುವಿಕೆಯೇ ಎಂಬಂತೆ. ಗೋಡೆಯ ಮೇಲೆ ಹಲ್ಲಿಯೊಂದಿತ್ತು. ಮಗ್ಗುಲಲ್ಲಿ ಕಾಯಿನೀರಿನ ಬಟ್ಟಲಿನ ಅಂಚಿಗೆ ಇರುವೆಗಳ ಸಾಲು ಬಂದಿತ್ತು. ಮತ್ತೆ ನೋಡಿದಾಗ ಬಲದ ಎಸಳು ಹಾಗೇ ಇತ್ತು, ಎಡಭುಜ ಬರಿದಾಗಿತ್ತು. ಬಿದ್ದ ಕ್ಷಣ ಅವನು ಕಂಡಿರಲಿಲ್ಲ. ಹತ್ತು ಗಂಟೆ ಮೂವತ್ತೊಂಬತ್ತು ನಿಮಿಷ.

ಅವನು ಕೂತಲ್ಲೇ ಕೂತ. ಹೊರಗೆ ಭಾಗೀರಥಿ ಕೆಮ್ಮಿದಳು. ಬಿದ್ದ ಎಸಳು ಆಗಲೇ ತನ್ನ ಮುಷ್ಟಿಯಲ್ಲಿರುವುದನ್ನು ಅವನು ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದ. ಇಪ್ಪತ್ತಾರು ವರ್ಷದ ಮೇಲೂ ಕೈ ತನ್ನ ದಾರಿ ಮರೆತಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದ. ಬಲದ ಎಸಳನ್ನು ಭುಜದ ಮೇಲೆಯೇ ಬಿಟ್ಟು, ಪರದೆಯನ್ನು ಪೂರಾ ಸರಿಸಿದ, ಹೊರಗಿನವರಿಗೂ ಕಾಣುವಂತೆ.

‘ಎಡ,’ ಎಂದ.

ಮಾಂತೇಶನ ನಗು ಮುಖದ ಮೇಲೆ ಇನ್ನೂ ಇತ್ತು, ಇಳಿಸುವುದು ಅವನಿಗೆ ಹೊಳೆಯಲಿಲ್ಲ. ಶೈಲಶ್ರೀ ಕಲ್ಲನ್ನು ನೋಡಲಿಲ್ಲ, ಮಾವನನ್ನೇ ನೋಡಿದಳು. ಆ ನೋಟವನ್ನು ಅವನು ತಡೆದುಕೊಂಡ. ಇದಕ್ಕೆ ಅವನು ಸಿದ್ಧನಾಗಿ ಬಂದಿದ್ದ.

ಭಾಗೀರಥಿ ಕೈ ಮುಗಿದಳು. ‘ಆತು. ಅವ್ವ ಬ್ಯಾಡಂದ್ಲು, ಬ್ಯಾಡ. ಏಳ್ರಿ.’ ದನಿಯಲ್ಲಿ ಏನೂ ನಡುಕವಿರಲಿಲ್ಲ. ಮಗಳ ಕಡೆ ತಿರುಗಿ, ‘ಸಿಟ್ಟ ಮಾಡಬ್ಯಾಡ ಶೈಲಾ. ನನ್ನ ನೋಡು. ಅಕಿ ಬಲ ಕೊಟ್ಟದ್ದಕ್ಕ ನಾ ಇವತ್ತ ಹಿಂಗ ಅದೇನಿ. ಒಂದ ದಿನ ಅತ್ತ ಗಂಡನ ಮನಿಂದ ಬಂದಾಕಿ ಅಲ್ಲ,’ ಎನ್ನುತ್ತ ಚೀಲದಿಂದ ಬೆಳ್ಳಿಯ ಕುಂಕುಮದ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿದಳು. ಕುಂಕುಮದ ನಡುವೆ ಕಂದು ಬಣ್ಣದ, ಉಗುರಿನ ಚೂರಿನಂಥ ಏನೋ ಒಂದು. ‘ಅವತ್ತ ಅಣ್ಣ ತಂದ ಕೊಟ್ಟ ಬಲದ ಎಸಳು. ಇವತ್ತಿಗೂ ಇಟ್ಟೇನಿ.’

ಲಕ್ಕಪ್ಪನಿಗೆ ಕಾಲಿನ ಕೆಳಗಿನ ಕಲ್ಲು ತಣ್ಣಗಿರುವುದು ಗೊತ್ತಾಯಿತು. ತನ್ನ ಕೆಲಸ ಮುಗಿಯಿತು ಎಂದು ಅವನು ತಿಳಿದಿದ್ದ. ಐವತ್ತೆರಡನೆಯದು, ಇಪ್ಪತ್ತೆಂಟನೆಯ ಎಡ. ಆದರೆ ಲೆಕ್ಕಕ್ಕೆ ಸೇರದ ಇನ್ನೊಂದು ಎಡವಿತ್ತು. ಅದನ್ನು ಒಳಗಿಟ್ಟುಕೊಂಡು ಇದನ್ನು ಮಾತ್ರ ಹೇಳಿದರೆ, ಈ ಡಬ್ಬಿಯ ಮುಂದೆ ನಿಂತು ಹೇಳಿದರೆ, ಯುಗಾದಿಯಿಂದ ಹೇಳಿದ್ದೆಲ್ಲ ಬರೀ ಅಂದಾಜಾಗುತ್ತದೆ.

‘ಭಾಗವ್ವಾ, ಅವತ್ತೂ ಎಡಾನ ಬಿದ್ದಿತ್ತು.’

‘ಯಾವತ್ತು?’

‘ನಿನ್ನ ಮದವಿಗೆ ಕೇಳಿದಾಗ. ಏಳ ನಿಮಿಷಕ್ಕ ಎಡದ್ದು ಬಿತ್ತು. ಅದನ್ನ ನಾ ನುಂಗಿದೆ. ಇದನ್ನ ಉಗುರ್ಲೆ ಕಿತ್ತ ತಂದ ನಿನ್ನ ಕೈಯಾಗ ಕೊಟ್ಟೆ.’

ಕೆಂಚವ್ವನ ಕಸಬರಿಗೆ ನಿಂತಿತು. ಮಾಂತೇಶ ಹೆಂಡತಿಯನ್ನೂ ಭಾವನನ್ನೂ ನೋಡಿ, ‘ಚಲೋ ಆತ ಬಿಡ್ರಿ. ಎಡ ಅಂದಿದ್ರ ನಮ್ಮಪ್ಪ ಅವತ್ತ ಟ್ರ್ಯಾಕ್ಟರ ನಿಮ್ಮ ಹೊಲಕ್ಕ ಹಾಯಿಸಿ ಹೋಗತಿದ್ದ,’ ಎಂದ.

ಭಾಗೀರಥಿ ಡಬ್ಬಿಯನ್ನೇ ನೋಡುತ್ತಿದ್ದಳು. ‘ಇಪ್ಪತ್ತಾರು ಸೀರಿ ಉಡಿಸೇನಿ,’ ಎಂದಳು. ‘ಬ್ಯಾಡಂದಾಕೀಗಿ.’ ಡಬ್ಬಿಯಿಂದ ಕಣ್ಣೆತ್ತಿ, ‘ಹಂಗಾರ ಯಾರ ಮಾತಿನ ಮ್ಯಾಲ ನಾ ಬಾಳೇವು ಮಾಡೇನಿ?’

‘ನನ್ನ ಮಾತಿನ ಮ್ಯಾಲ.’

‘ಒಂದ ಕೇಳತೇನಿ, ಖರೇ ಹೇಳು. ಇದನ್ನ ಈಗ ಯಾಕ ಹೇಳಿದಿ? ಖರೇ ಹೇಳಬೇಕಂತ ಹೇಳಿದ್ಯೋ, ಈ ಹುಡುಗಿ ಮದವಿ ಆಗಲಿ ಅಂತ ಹೇಳಿದ್ಯೋ?’

ಅವನು ಬಾಯಿ ತೆರೆದ. ಎಡವೆಂದು ಹೇಳಿದ ಬಾಯಿಯಿಂದಲೇ ಆ ಎಡವನ್ನು ಸಡಿಲು ಮಾಡುವ ಮಾತು ಬಂದಿತ್ತು. ಬಂದ ಮೇಲೆ ಶೈಲಶ್ರೀಯ ಮುಖದಲ್ಲಿ ಏನೋ ಅರಳಿದ್ದನ್ನು ಅವನು ಕಂಡಿದ್ದ, ಕಂಡು ಸುಖಪಟ್ಟಿದ್ದ. ಕೈ ತೊಳೆದುಕೊಂಡಿದ್ದ ನಿಜ. ನಾಲಿಗೆಯನ್ನು ತೊಳೆದಿದ್ದನೋ ಇಲ್ಲವೋ ಎಂದು ಈಗ ಹೇಗೆ ನೋಡುವುದು?

‘ಗೊತ್ತಿಲ್ಲವಾ,’ ಎಂದ.

ಭಾಗೀರಥಿ ಡಬ್ಬಿಯಿಂದ ಆ ಒಣಚೂರನ್ನು ತೆಗೆದು ಹೊಸ್ತಿಲ ಮೇಲಿಟ್ಟಳು. ಕುಂಕುಮ ಅಂಟಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮಗಳನ್ನು ಕೇಳಿದಳು: ‘ಎಡ ಬಂದೈತಿ. ಕೇಳಿದ್ಯಿಲ್ಲ?’

‘ಕೇಳಿದೆ.’

‘ಈಗರ ಬ್ಯಾಡಂತೀ ಏನು?’

‘ಇಲ್ಲವ್ವಾ. ನಾ ಅವನ್ನ ಮಾಡಕೊಳ್ಳಾಕಿ.’

‘ಮಾಡಕೋ. ನಾನೂ ಎಡ ಬಿದ್ದ ಮ್ಯಾಲೇ ಆದಾಕಿ. ನನಗ ಗೊತ್ತಿರಲಿಲ್ಲ, ಅಷ್ಟ. ನೀ ಗೊತ್ತಿದ್ದ ಆಗು. ನಾಳೆ ಏನರ ಆದ್ರ ಅವ್ವ ಹೇಳಿರಲಿಲ್ಲ ಅನ್ನಬ್ಯಾಡ, ಮಾಮಾ ಹೇಳಿರಲಿಲ್ಲ ಅನ್ನಬ್ಯಾಡ.’

ಶೈಲಶ್ರೀ ತಲೆಯಾಡಿಸಿದಳು. ಗೆದ್ದವಳಂತೆ ಕಾಣಲಿಲ್ಲ. ಬಲ ಸಿಕ್ಕಿದ್ದರೆ ಹಗುರಾಗಿ ಹೋಗುತ್ತಿದ್ದಳು, ಈಗ ಏನನ್ನೋ ಹೊತ್ತು ಹೊರಟವಳಂತೆ ಟಂಟಂ ಕಡೆ ನಡೆದಳು. ಮಾಂತೇಶ ಅವಳ ಹಿಂದೆ ಹೋದ. ಭಾಗೀರಥಿ ಚಪ್ಪಲಿ ಮೆಟ್ಟಿ, ತಿರುಗದೆಯೇ ಹೇಳಿದಳು:

‘ಅಣ್ಣಾ, ನೀ ಇವತ್ತ ಹೇಳಿದ್ದ ಚಲೋ ಆತು. ಆದ್ರ ನಾ ಇನ್ನ ನಿನ್ನ ಪಾಳ್ಯಾಗ ಈ ಗುಡಿಗೆ ಬರೂದಿಲ್ಲ. ಬರಬಾರದಂತಲ್ಲ. ಬಂದ್ರ ಏನ ಬೇಡಬೇಕ ಅನ್ನೂದ ತಿಳೀವಲ್ದು.’

ಟಂಟಂನ ಸದ್ದು ಬದುವಿನ ತಿರುವಿನ ತನಕ ಕೇಳಿಸಿತು. ಲಕ್ಕಪ್ಪ ಒಳಗೆ ಹೋಗಿ ಇರುವೆ ಮುತ್ತಿದ್ದ ಬಟ್ಟಲನ್ನು ಎತ್ತಿದ. ಅಂಚಿನ ಇರುವೆಗಳನ್ನು ಊದಿ, ತಂದು ಕೆಂಚವ್ವನ ಕೈಗೆ ಕೊಟ್ಟ. ಅವಳು ಬೋಳುಬಾಯಿ ತುಂಬ ಕುಡಿದು, ‘ಕಲ್ಲಸಕ್ರಿ ಆಗೈತಿ,’ ಎಂದಳು. ಉಳಿದ ಗುಟುಕನ್ನೂ ಕುಡಿದು, ‘ಇದನ್ನ ಎಡಕ್ಕ ಹಚ್ಚಿದ್ರ ಆಗತಿರಲಿಲ್ಲೇನೋ ಹುಚ್ಚಾ?’ ಎಂದು ಬಟ್ಟಲು ಬೋರಲು ಹಾಕಿದಳು. ಅವಳಿಗೂ ಗೊತ್ತಿತ್ತು. ಬಹುಶಃ ಮೊದಲಿನಿಂದ ಗೊತ್ತಿತ್ತು.

ಗರ್ಭಗುಡಿಯಲ್ಲಿ ಬಲದ ಎಸಳು ಇನ್ನೂ ಭುಜದ ಮೇಲೆಯೇ ಇತ್ತು. ತುದಿ ಎದ್ದಿತ್ತು, ಬಿದ್ದಿರಲಿಲ್ಲ. ಅವನು ಅದನ್ನು ತೆಗೆದು ಕಲ್ಲನ್ನು ತೊಳೆಯುತ್ತಿದ್ದಾಗ ಹೊರಗೆ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಪಕ್ಕದ ಹಳ್ಳಿಯ ಅಮೋಘಸಿದ್ದಪ್ಪ, ಒಂಟಿ ಮನುಷ್ಯ, ಕಂಕುಳಲ್ಲಿ ಸಣ್ಣ ಕಾಯಿ. ಎಮ್ಮೆ ಗಬ್ಬ ನಿಲ್ಲುತ್ತಿಲ್ಲ, ಇಟ್ಟುಕೊಳ್ಳಲೋ ಮಾರಲೋ ಕೇಳಬೇಕು ಎಂದ. ಕಟ್ಟೆಯ ಮೇಲೆ ಅರ್ಧ ಕೂತು ಅರ್ಧ ನಿಂತು, ಅನುಮಾನಿಸುತ್ತ ಕೇಳಿದ:

‘ಮಾರಾಕ ಮನಸಿಲ್ರಿ ನನಗ. ಇಟ್ಟಕೋ ಅಂತ ಬಲ ಬರತೈತೇನ್ರಿ?’

‘ಗೊತ್ತಿಲ್ಲ,’ ಎಂದ ಲಕ್ಕಪ್ಪ, ಹೊಸ ಹೂವಿನಿಂದ ಎಸಳು ಕೀಳುತ್ತ. ‘ಪೂರಾ ಕುಂದರ್ರಿ. ಹೊತ್ತ ಹಿಡೀತೈತಿ.’